ಮಿಸೆಸ್ ಟಾಲಿವರ್ ಅವರ ಹೆಸರಿನ ಚೀಟಿ

ವರ್ಡೆಲ್ ಟಾಲಿವರ್ ಅವರನ್ನು ಬರೀ ಹೆಸರು ಹಿಡಿದು ಕರೆದು ಬಚಾವಾದವರು ಹಾಲೋವೇ ಊರಿನಲ್ಲಿ ಕಡಿಮೆ. ಆಸ್ಪತ್ರೆಯ ಲಾಂಡ್ರಿಯಲ್ಲಿ ಮೂವತ್ತೊಂದು ವರ್ಷ ದುಪ್ಪಟಿ ಮಡಚಿದ ಹೆಂಗಸು. ಮೊದಲ ದಿನವೇ ಅಲ್ಲಿನ ಬಿಳಿಯ ಮೇಸ್ತ್ರಿಗೆ, "ನಾನು ಮಿಸೆಸ್ ಟಾಲಿವರ್. ಬೇರೆ ಥರ ಕರೆದ್ರೆ ನನಗೆ ಕಿವಿ ಕೇಳ್ಸಲ್ಲ" ಅಂದಿದ್ದರು. ಅವನು ಮೂರು ವಾರ ವರ್ಡೆಲ್, ವರ್ಡೆಲ್ ಎಂದು ಗಂಟಲು ಹರಿದುಕೊಂಡ. ಆಮೇಲೆ ದಾರಿಗೆ ಬಂದ.

"ಸಿಸ್ಟರ್ ಟಾಲಿವರ್, ನಿಮ್ಮನೆ ಬೆಕ್ಕೂ ನಿಮ್ಮನ್ನ ಮಿಸೆಸ್ ಅಂತಲೇ ಕರೀತದಾ?" ಎಂದು ಚರ್ಚಿನ ಗೆಳತಿ ಅರ್ನೆಟಾ ಕಿಚಾಯಿಸುತ್ತಿದ್ದಳು.

"ಅದಕ್ಕೂ ಮರ್ಯಾದೆ ಗೊತ್ತು. ನಿನಗೇ ಗೊತ್ತಿಲ್ಲ."

ಇದು ಬರೀ ಜಂಬವಾಗಿರಲಿಲ್ಲ. ಸಾವಿರದ ಒಂಬೈನೂರ ಅರವತ್ತನಾಲ್ಕರಲ್ಲಿ, ವರ್ಡೆಲ್‌ಗೆ ಒಂಬತ್ತು ವರ್ಷವಿದ್ದಾಗ, ಅವರ ಅಮ್ಮನ ಕೆಮ್ಮಿನ ಔಷಧದ ಸೀಸೆಯ ಮೇಲೆ ಅಂಗಡಿಯವರು 'ಲುಸಿಂಡಾ' ಎಂದಷ್ಟೇ ಬರೆದು ಕಳಿಸಿದ್ದರು. ಕರಿಯರ ಹೆಂಗಸಿಗೆ ಮಿಸೆಸ್ ಅನ್ನುವುದು ಆ ದಿನಗಳಲ್ಲಿ ಬಿಳಿಯರ ನಾಲಿಗೆಗೆ ಹೊರಳದ ಮಾತು. ಅಪ್ಪ ಸೀಫಸ್ ಗೇನ್ಸ್ ಸೀಸೆಯನ್ನು ವಾಪಸು ಒಯ್ದು, "ಮಿಸೆಸ್ ಗೇನ್ಸ್ ಅಂತ ಬರೆದುಕೊಡಿ" ಎಂದು ಕೇಳಿದರು. ದನಿ ಕೂಡ ಏರಿಸಿರಲಿಲ್ಲ.

ಮುಂದಿನ ಭಾನುವಾರ ಮಧ್ಯಾಹ್ನ ಅಪ್ಪ ಮನೆಯ ಮೆಟ್ಟಿಲ ಮೇಲೆ ಕೂತು ಬೂಟಿಗೆ ಪಾಲಿಶ್ ಹಾಕುತ್ತಿದ್ದರು. ಒಂದು ಮುಗಿದಿತ್ತು, ಇನ್ನೊಂದು ಹಾಗೇ ಇತ್ತು. ಹಸಿರು ಟ್ರಕ್ಕಿನಲ್ಲಿ ಬಂದ ಇಬ್ಬರು ಬಿಳಿಯರು "ಬಾ" ಎಂದರು. ಅಪ್ಪ ಆ ಬೂಟುಗಳನ್ನೇ ಮೆಟ್ಟಿಕೊಂಡು ಹೊರಟರು. ಕಿಟಕಿಯ ಪರದೆ ಸರಿಸಿ ನೋಡುತ್ತಿದ್ದ ಹುಡುಗಿಗೆ, ಟ್ರಕ್ಕು ಓಡಿಸುತ್ತಿದ್ದ ಪ್ರಾಯದವನ ಮುಖ ಹ್ಯಾಟಿನ ನೆರಳಲ್ಲಿ ಕಾಣಲಿಲ್ಲ. ಮೂರನೆಯ ದಿನ ಅಪ್ಪ ನದಿಯಲ್ಲಿ ಸಿಕ್ಕಿದರು, ಬರಿಗಾಲಲ್ಲಿ. ಕಾಲು ಜಾರಿ ಬಿದ್ದದ್ದು ಎಂದು ಶೆರಿಫ್ ಬರೆದುಕೊಂಡ.

"ನೋಡಿದ್ದು ಕಣ್ಣಲ್ಲೇ ಇರ್ಲಿ ಮಗಳೇ, ನಾಲಿಗೆಗೆ ಇಳೀಬಾರ್ದು," ಅಂದಳು ಅಮ್ಮ. ಮಗಳು ಅರವತ್ತು ವರ್ಷ ಅದನ್ನು ನಡೆಸಿದಳು. ಆ ಓಡಿಸಿದವನ ಹೆಸರೊಂದು ತಿಳಿಯದೆ ಮಾತ್ರ ಸಾಯಬಾರದು ಎಂದಿತ್ತು.

ಹೋದ ವರ್ಷ ನಗರ ಪ್ರತಿಷ್ಠಾನದವರು ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಕರಿಯರನ್ನೂ ಬಿಳಿಯರನ್ನೂ ಕೂಡಿಸಿ ಹಳೆಯ ಗಾಯಗಳ ಬಗ್ಗೆ ಮಾತಾಡಿಸಲು ಶುರುಮಾಡಿದರು. "ಇನ್ನೆಷ್ಟು ದಿನ ನುಂಗ್ಕೊಂಡಿರ್ತೀರಿ, ಹೋಗಿ ಬನ್ನಿ," ಎಂದು ಅರ್ನೆಟಾ ದುಂಬಾಲು ಬಿದ್ದಳು. ಹೋದರು. ಬಾಗಿಲಲ್ಲೇ ಪ್ರತಿಷ್ಠಾನದ ಹುಡುಗಿ ಬ್ರಿಜೆಟ್ ಒಂದು ಚೀಟಿಯಲ್ಲಿ 'ವರ್ಡೆಲ್' ಎಂದು ಬರೆದು ಎದೆಗೆ ಅಂಟಿಸಿಬಿಟ್ಟಳು.

"ಇಲ್ಲಿ ಮೇಲು ಕೀಳು ಇಲ್ಲ ನೋಡಿ. ಬಿರುದು ಬಾವಲಿ, ಮನೆತನದ ಹೆಸರು, ಎಲ್ಲಾ ಹೊರಗೆ. ಇಲ್ಲಿ ಆಡಿದ್ದು ಇಲ್ಲೇ ಉಳೀಬೇಕು."

ಒಳ್ಳೆಯ ಹುಡುಗಿಯೇ. ಆದರೆ ಈ ಊರಲ್ಲಿ ಒಂದು ಹೆಸರಿಗಾಗಿ ಮನುಷ್ಯನೊಬ್ಬ ನದಿ ಸೇರಿದ ಎಂದು ಅವಳಿಗೆ ಯಾರು ಹೇಳಬೇಕು? ಆ ಚೀಟಿ ನೋಡಿದಾಗಲೆಲ್ಲ ಮಿಸೆಸ್ ಟಾಲಿವರ್‌ಗೆ ಮೈ ಉರಿಯುತ್ತಿತ್ತು. ಆದರೂ ತಮ್ಮ ಸರದಿ ಬಂದಾಗ ಹೇಳಿದರು. ಸೀಸೆ, ಟ್ರಕ್ಕು, ನದಿ, ಎಲ್ಲ. ಬೂಟಿನ ಸಂಗತಿ ಮಾತ್ರ ಬಾಯಿಗೆ ಬರಲಿಲ್ಲ. ಅದನ್ನು ಅವರು ಗಂಡನಿಗೂ ಹೇಳಿದವರಲ್ಲ.

ಮಾತು ಮುಗಿದು ಕಾಫಿಯ ಮೇಜಿನ ಹತ್ತಿರ ನಿಂತಿದ್ದಾಗ ಎತ್ತರದ ಬಿಳಿಯ ಮುದುಕನೊಬ್ಬ ಪಕ್ಕಕ್ಕೆ ಬಂದ. ಚೀಟಿಯಲ್ಲಿ 'ಲೈಮನ್' ಎಂದಿತ್ತು. ಎಂಬತ್ತು ದಾಟಿದವನು. ಕಪ್ಪಿಗೆ ಸಕ್ಕರೆ ಹಾಕಿಕೊಳ್ಳುತ್ತ ತಗ್ಗಿದ ದನಿಯಲ್ಲಿ ಮಾತಾಡಿದ.

"ಚೆನ್ನಾಗಿ ಹೇಳಿದೆ, ವರ್ಡೆಲ್. ಒಂದು ಬೂಟು ಫಳಫಳ ಅಂತಿತ್ತು, ಇನ್ನೊಂದು ಮಾಸಲು. ನನಗೂ ಇವತ್ತಿನವರೆಗೆ ಕಣ್ಣಿಗೆ ಕಟ್ಟಿದಂಗಿದೆ."

ಮಿಸೆಸ್ ಟಾಲಿವರ್ ಕೈಯಲ್ಲಿದ್ದ ಕಪ್ಪನ್ನು ಮೇಜಿನ ಮೇಲಿಟ್ಟರು.

"ನೀನಿನ್ನೂ ಅದೇ ಮನೇಲಿದೀಯಾ? ಒಬ್ಳೇನಾ?" ಅಂದ ಅವನು. "ಇಲ್ಲಿ ಆಡಿದ್ದು ಇಲ್ಲೇ, ಅಲ್ವಾ?"

ಅವರು ನೆಟ್ಟಗೆ ಬ್ರಿಜೆಟ್ ಹತ್ತಿರ ಹೋದರು. ಭಯವಾಗಿತ್ತು, ಸುಳ್ಳೇಕೆ ಹೇಳಬೇಕು.

"ಆ ಲೈಮನ್ ಯಾರು? ಮನೆತನದ ಹೆಸರೇನು?"

"ಅಯ್ಯೋ, ಹೇಳೋಹಂಗಿಲ್ಲ ವರ್ಡೆಲ್. ಅದೇ ನಮ್ಮ ನಿಯಮ. ಎಲ್ಲರಿಗೂ ಇಲ್ಲಿ ಧೈರ್ಯ ಇರ್ಬೇಕಲ್ವಾ?"

"ಅವನಿಗಂತೂ ಇದೆ ಬಿಡಿ," ಅಂದರು ಮಿಸೆಸ್ ಟಾಲಿವರ್.

ಮೇಜಿನ ಮೇಲಿದ್ದ ಪೆನ್ನು ತಗೊಂಡು, ಎದೆಯ ಚೀಟಿ ಕಿತ್ತು, ಹೊಸದರಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿಕೊಂಡರು: ಮಿಸೆಸ್ ವರ್ಡೆಲ್ ಗೇನ್ಸ್ ಟಾಲಿವರ್. ಇನ್ನೊಂದು ಖಾಲಿ ಚೀಟಿಯನ್ನು ಮುದುಕನ ಕಪ್ಪಿನ ಪಕ್ಕದಲ್ಲಿಟ್ಟು, ಮೇಲೆ ಪೆನ್ನಿಟ್ಟರು.

"ನಿಮ್ಮ ಪೂರ್ತಿ ಹೆಸರು ಬರೀರಿ. ಬರೆದ ಮೇಲೆ ಆ ಬೂಟಿನ ಮಾತನ್ನ ಇವರೆಲ್ಲರ ಎದುರಿಗೆ ಇನ್ನೊಂದ್ಸಲ ಆಡಿ."

ಕೋಣೆಯಲ್ಲಿದ್ದವರೆಲ್ಲ ಇತ್ತ ತಿರುಗಿದರು. ಬ್ರಿಜೆಟ್ ಓಡಿ ಬಂದಳು. ಮುದುಕ ಸುತ್ತ ಒಮ್ಮೆ ನೋಡಿ ಪೆನ್ನು ಹಿಡಿದ. 'ಲೈಮನ್' ಎಂದು ಬರೆಯುವಷ್ಟರಲ್ಲಿ ಕೈ ನಿಂತುಹೋಯಿತು.

"ಬೇಡ, ಮಿಸೆಸ್ ಟಾಲಿವರ್," ಅಂದ. "ದಯವಿಟ್ಟು ಬೇಡ."

ಅಪ್ಪ ಅಂಗಡಿಯಲ್ಲಿ ನಿಂತು ಕೇಳಿದ್ದ 'ಮಿಸೆಸ್' ಎಂಬ ಆ ಒಂದು ಮಾತು, ಅಪ್ಪನನ್ನು ಕರೆದೊಯ್ದವನ ಬಾಯಿಂದಲೇ ಬಂದಿತ್ತು. ಮಿಸೆಸ್ ಟಾಲಿವರ್ ಚೀಟಿಯನ್ನು ಅವನ ಕೈಯ ಕೆಳಗೆ ಇನ್ನಷ್ಟು ಸರಿಸಿದರು.

"ಮುಂದಿನದು ಬರೀರಿ," ಎಂದರು.