ಬಕೆಟ್ ಅವರವರೇ ತರತಕ್ಕದ್ದು

ಓಬ್ ನದಿಯ ದಂಡೆಯ ವಿಜ್ಞಾನಿಗಳ ಊರಿನಲ್ಲಿ ಒಂದು ಹಳೆಯ ಕಾದಂಬರಿಯ ನೆನಪಿಗೆ ವರ್ಷಕ್ಕೊಮ್ಮೆ ನಡೆಯುವ ಸಭೆಗೆ ಫಾಯಿನಾ ಯೆಗೋರೊವ್ನಾ ಕಪ್ಪು ಶಾಲು ಹೊದ್ದು ಬಂದು, ಮುಂದಿನ ಸಾಲಿನಲ್ಲಿ ಕೂತು, ಎಲ್ಲರಿಗಿಂತ ಮೊದಲು ಕಣ್ಣೊರೆಸಿಕೊಳ್ಳುತ್ತಿದ್ದರು. ತೀರಿಹೋದ ಕಾದಂಬರಿಕಾರನ ಹೆಂಡತಿಯಿರಬೇಕೆಂದು ಇದನ್ನು ಬರೆಯುತ್ತಿರುವ ಈ ಲೇಖಕ ಎರಡು ವರ್ಷ ಎದ್ದು ನಿಂತು ವಂದಿಸಿದ್ದುಂಟು. ಅವರೂ ತಲೆಯಾಡಿಸಿ ಸ್ವೀಕರಿಸಿದ್ದರು. ಪುಕ್ಕಟೆ ಬಂದ ಮರ್ಯಾದೆಯನ್ನು ಯಾರು ಬೇಡವೆನ್ನುತ್ತಾರೆ? ಅವರು ಭೌತವಿಜ್ಞಾನ ಸಂಸ್ಥೆಯ ನಿವೃತ್ತ ಟೈಪಿಸ್ಟು, ಕಣ್ಣಲ್ಲಿ ನೀರು ಬರುತ್ತಿದ್ದುದು ನಗು ತಡೆದು ತಡೆದು ಎಂಬುದು ಗೊತ್ತಾದದ್ದು ಆಮೇಲೆ.

ನಗುವಿಗೆ ಕಾರಣವಿತ್ತು. ಬರಡು ಗ್ರಹವೊಂದರಲ್ಲಿ ಮೂವತ್ತು ವರ್ಷ ದೀಪ ಆರದಂತೆ ಕಾಯುತ್ತ, ಭೂಮಿಯ ನೌಕೆಯ ದಾರಿ ನೋಡುವ ಒಂಟಿ ಎಂಜಿನಿಯರನ ಕಥೆ ಆ ಕಾದಂಬರಿಯದು. ಎಪ್ಪತ್ತರ ದಶಕದಲ್ಲಿ ಸರ್ಕಾರ ಅದನ್ನು ಅಚ್ಚಾಗಲು ಬಿಡಲಿಲ್ಲ. ಅದರಲ್ಲಿ ಏನು ಚುಚ್ಚಿತೋ ಸರ್ಕಾರಕ್ಕೇ ಗೊತ್ತು. ಅಷ್ಟರಲ್ಲಿ ಬರೆದವನೂ ತೀರಿಹೋದ. ಗುಟ್ಟಾಗಿ ಹಂಚಲು ಪ್ರತಿ ಟೈಪ್ ಮಾಡಿಕೊಡಲೆಂದು ಕೈಪ್ರತಿ ಮೂರು ದಿನದ ಮಟ್ಟಿಗೆ ಫಾಯಿನಾ ಅವರ ಕೈಗೆ ಬಂತು. ತೆಳು ಕಾಗದ ಐದು, ನಡುನಡುವೆ ಕಾರ್ಬನ್ ನಾಲ್ಕು, ಯಂತ್ರ ಕಚೇರಿಯದೇ. ಮೇಲಧಿಕಾರಿಯ ಹೆಜ್ಜೆ ಕೇಳಿದೊಡನೆ ಕೈಪ್ರತಿಯ ಮೇಲೆ ಸುತ್ತೋಲೆಯನ್ನು ಎಳೆದುಕೊಂಡು, ಬೆರಳು ನಿಲ್ಲಿಸದೆ ಅದನ್ನೇ ಬಡಿಯುವುದು, ಅಪಾಯ ದಾಟಿದ ಮೇಲೆ ಆ ಹಾಳೆ ಹರಿದು ಮತ್ತೆ ಹೊಡೆಯುವುದು. ಕೊನೆಯ ಪುಟದಲ್ಲೂ ಹಾಗೇ ಆಯಿತು. ‘ನೌಕೆ ಇಳಿಯಿತು’ ಎಂದು ಹೊಡೆದರು, ಬೂಟಿನ ಸದ್ದಾಯಿತು, ಸುತ್ತೋಲೆಯ ಎರಡು ಸಾಲು ಬಿದ್ದವು. ಅಧಿಕಾರಿ ಅತ್ತ ಹೋಗುತ್ತಲೇ ಕೈಪ್ರತಿ ತಂದುಕೊಟ್ಟಿದ್ದವನು ರೈಲಿಗೆ ಹೊತ್ತಾಯಿತೆಂದು ಎಲ್ಲವನ್ನೂ ಬಾಚಿಕೊಂಡು ಓಡಿದ.

ನಕ್ಷತ್ರಲೋಕದ ಆ ಮಹಾಕೃತಿ ಮುಗಿದದ್ದು ಹೀಗೆ: ‘ಭಾನುವಾರ ಎಂಟಕ್ಕೆ ಆಲೂಗಡ್ಡೆ ಅಗೆಯಲು ಎಲ್ಲರೂ ಹಾಜರಿರಬೇಕು. ಬಕೆಟ್ ಅವರವರೇ ತರತಕ್ಕದ್ದು.’

ತಪ್ಪನ್ನು ತಿದ್ದುವಷ್ಟರಲ್ಲಿ ಪ್ರತಿಗೆ ಪ್ರತಿ ಹುಟ್ಟಿ ದೇಶದ ಆಚೆ ತುದಿಯ ವ್ಲಾದಿವೊಸ್ತೊಕ್ ಮುಟ್ಟಿತ್ತು. ಬಾಯಿಬಿಟ್ಟರೆ ಕೆಲಸ ಹೋಗುತ್ತಿತ್ತು. ಕಾಲ ಬದಲಾಗಿ, ಅದೇ ಪ್ರತಿಗಳನ್ನು ನೋಡಿ ಅಗ್ಗದ ಕಾಗದದಲ್ಲಿ ಕಾದಂಬರಿ ಅಚ್ಚಾಗುವ ಹೊತ್ತಿಗೆ ಪ್ರೊಫೆಸರ್ ರೊದಿಯೋನ್ ಸವ್ವಿಚ್ ಆ ಎರಡು ಸಾಲಿನ ಮೇಲೆ ನಾನೂರು ಪುಟ ಬರೆದು ಡಾಕ್ಟರಾಗಿದ್ದರು. ಬಕೆಟ್ಟೆಂದರೆ ಮನುಷ್ಯನ ಅಂತರಂಗದ ಶೂನ್ಯ ಎಂಬುದು ಅವರ ಸಿದ್ಧಾಂತ. ಪಾಪ, ಬದುಕಿಕೊಳ್ಳಲಿ ಎಂದು ಫಾಯಿನಾ ಸುಮ್ಮನಿದ್ದರು.

ಆದರೆ ಈ ಸಲದ ಸಭೆಯಲ್ಲಿ ಪ್ರೊಫೆಸರು ಘೋಷಿಸಿಬಿಟ್ಟರು: ಇನ್ನೆಂದೂ ಒಂದಕ್ಷರ ಬದಲಾಗದ ಅಧಿಕೃತ ಆವೃತ್ತಿ ಸೋಮವಾರ ಅಚ್ಚಿಗೆ ಹೋಗುತ್ತದೆ! ಕೈಪ್ರತಿ ಎಂದೋ ಕಳೆದುಹೋಗಿತ್ತು. ನಿಜವಾದ ಕೊನೆಯ ಸಾಲು ಉಳಿದಿದ್ದುದು ಒಂದೇ ತಲೆಯಲ್ಲಿ. ಯಾವ ಪುಸ್ತಕವನ್ನಾದರೂ ಕೊನೆಯ ಪುಟದಿಂದಲೇ ಓದುವ ಚಾಳಿಯಿದ್ದ ಫಾಯಿನಾ ಅವರ ತಲೆಯಲ್ಲಿ. ಆ ತಲೆಗೆ ಎಪ್ಪತ್ತೆಂಟು ತುಂಬಿತ್ತು. ಈಗಲೂ ಬಾಯಿ ಮುಚ್ಚಿಕೊಂಡರೆ ಪಾಪದ ಎಂಜಿನಿಯರು ಶಾಶ್ವತವಾಗಿ ಆಲೂಗಡ್ಡೆ ಹೊಲಕ್ಕೆ ಹೋದಂತೆಯೇ.

ಎದ್ದು ನಿಂತರು. “ರೊದಿಯೋನ್ ಸವ್ವಿಚ್, ಬೇಜಾರ್ ಮಾಡ್ಕೋಬೇಡಿ. ಆ ಆಲೂಗಡ್ಡೆ ನಂದು.”

“ಅಂದ್ರೆ?”

“ನಮ್ಮ ಸಂಸ್ಥೆ ಸುತ್ತೋಲೆ ಅದು. ಟೈಪ್ ಮಾಡೋವಾಗ ಸೇರ್ಕೊಂಡ್‌ಬಿಡ್ತು.”

ಪ್ರೊಫೆಸರು ಎಳೆಮಕ್ಕಳನ್ನು ನೋಡಿ ನಗುವಂತೆ ನಕ್ಕರು. “ವಯಸ್ಸಾದ್ಮೇಲೆ ನೆನಪು ಕೈ ಕೊಡತ್ತೆ, ಫಾಯಿನಾ ಯೆಗೋರೊವ್ನಾ. ಆ ಬಕೆಟ್ ಒಂದು ರೂಪಕ.”

“ರೂಪಕ ಅಲ್ರೀ, ತಗಡು!” ಹಿಂದಿನ ಸಾಲಿನಿಂದ ಮುದುಕ ಭೌತವಿಜ್ಞಾನಿ ಎರಾಸ್ತ್ ಲುಕಿಚ್ ಕೂಗಿದರು. “ನನ್ ಬಕೆಟ್ಟಿನ ತಳಾನೇ ಕಿತ್ತೋಗಿತ್ತು! ನಾನು ಮುಂದೆ ತುಂಬ್ತಾ ಹೋದೆ, ಈ ನಮ್ಮ ಫಾಯಾ ಹಿಂದಿಂದ ಆರಿಸ್ತಾ ಬಂದ್ಲು. ಪ್ರತಿ ಸೆಪ್ಟೆಂಬರೂ ಸಂಸ್ಥೆಯೋರ್ನೆಲ್ಲ ಸರ್ಕಾರಿ ಹೊಲಕ್ಕೆ ಅಟ್ಟೋ ಅದೇ ಸುತ್ತೋಲೆ ಕಣ್ರೀ! ಇಷ್ಟ್ ವರ್ಷ ‘ಆಹಾ, ಎಂಥಾ ಆಳ’ ಅಂತ ತಲೆದೂಗಿದ್ನಲ್ಲ, ನನ್ ಬುದ್ಧಿಗಿಷ್ಟು!”

ಆ ಹೊಲದಲ್ಲಿ ಬೆನ್ನು ಮುರಿದುಕೊಂಡಿದ್ದ ಮುದುಕರೆಲ್ಲ ಬಿದ್ದು ಬಿದ್ದು ನಕ್ಕರು. ಪ್ರೊಫೆಸರಿಗೆ ಮಾತ್ರ ನಗು ಬರಲಿಲ್ಲ. “ಹಾಗಾದ್ರೆ... ನಿಜವಾದ್ದು ಏನಿತ್ತು?”

ಫಾಯಿನಾ ಕಣ್ಣು ಮುಚ್ಚಿ ಹೇಳಿದರು: “ನೌಕೆ ಇಳಿಯಿತು. ಅವನು ಕಾಲೊರಸನ್ನು ಕೊಡವಿ, ಬಾಗಿಲ ಮುಂದೆ ಹಾಸಿ, ಚಹಕ್ಕೆ ನೀರಿಟ್ಟ.”

ಎರಾಸ್ತ್ ಲುಕಿಚ್ ಟೋಪಿ ತೆಗೆದರು. ಪ್ರೊಫೆಸರು ಅಚ್ಚಿಗೆ ಹೋಗಬೇಕಿದ್ದ ಕರಡಿನ ಕೊನೆಯ ಪುಟ ತೆರೆದು, ಲೇಖನಿ ತೆಗೆದು ಎರಡು ಸಾಲಿನ ಮೇಲೆ ಗೆರೆ ಎಳೆದರು. ನಾನೂರು ಪುಟದ ಡಾಕ್ಟರಿಕೆ ಅದರಡಿ ಸಿಕ್ಕು ಸಣ್ಣಗೆ ನರಳಿತು. ಹೊಸ ಸಾಲನ್ನು ಬರೆದಾದ ಮೇಲೆ ತಲೆಯೆತ್ತಿ, ಕೊನೆಯ ಆಸೆಯಿಂದ ಕೇಳಿದರು:

“ಅಲ್ಲ ಫಾಯಿನಾ ಯೆಗೋರೊವ್ನಾ, ಆ ಬಕೆಟ್ ಸಾಲನ್ನ ಹೊಡೀವಾಗ ನಿಮ್ಮ ಮನಸ್ಸಲ್ಲಿ ಒಂಚೂರಾದ್ರೂ ತತ್ವ ಇತ್ತು ತಾನೆ?”

“ಇಲ್ಲ,” ಎಂದರು ಫಾಯಿನಾ. “ಹೊಟ್ಟೆ ಹಸಿದಿತ್ತು.”