ಸೋಪಮ್ಮನ ಲಾಡ್ಜು

ನಮ್ಮ ಚಿಕ್ಕಮ್ಮನನ್ನು ಬೀದಿಯವರೆಲ್ಲ ಸೋಪಮ್ಮ ಎನ್ನುತ್ತಾರೆ. ಎದುರಿಗೇ ಎನ್ನುತ್ತಾರೆ, ಅವಳೇನೂ ಬೇಸರ ಮಾಡಿಕೊಳ್ಳುವುದಿಲ್ಲ. ರೈಲ್ವೆ ಸ್ಟೇಷನ್ನಿನ ಎದುರು ಅವಳದೊಂದು ಲಾಡ್ಜು ಇದೆ. ಮಹಡಿಯ ಮೇಲೆ ಎಂಟು ರೂಮು, ಕೆಳಗೊಂದು ಮೇಜು, ಮೇಜಿನ ಹಿಂದೆ ಅವಳು. ಚಿಕ್ಕಪ್ಪ ತೀರಿಕೊಂಡ ಮೇಲೆ ಗಂಡ, ಮಕ್ಕಳು, ಮೊಮ್ಮಕ್ಕಳು ಎಲ್ಲ ಅವಳಿಗೆ ಆ ಲಾಡ್ಜೇ. ನೋಡಲು ಏನೂ ಇಲ್ಲದ ಊರಿಗೆ ಯಾರು ಬಂದು ತಂಗುತ್ತಾರೆ ಎಂದರೆ, ರೈಲು ಬದಲಾಯಿಸುವವರು. ಸಂಜೆ ಒಂದರಲ್ಲಿ ಇಳಿದು ಬೆಳಿಗ್ಗೆ ಇನ್ನೊಂದು ಹತ್ತುವವರು. ಅವರಿಗೆ ಬಿಸಿನೀರು, ಸರಿಯಾಗಿ ಬೀಳುವ ಚಿಲಕ, ಒಗೆದ ಬೆಡ್‌ಶೀಟು ಇದ್ದರೆ ಸಾಕು. ಬೆಡ್‌ಶೀಟಿನ ವಿಷಯದಲ್ಲಂತೂ ಚಿಕ್ಕಮ್ಮ ಯಾರ ಮಾತೂ ಕೇಳುವವಳಲ್ಲ. ಒಗೆಯಲು ಆಳಿಟ್ಟರೆ ಅವರು ಒಗೆದದ್ದನ್ನು ಮತ್ತೆ ತಾನೇ ಒಗೆಯುತ್ತಾಳೆ. ಹಾಗಾಗಿ ಆಳು ಇಡುವುದನ್ನೇ ಬಿಟ್ಟಳು.

ಹೋದ ವರ್ಷ, ಊರೂರು ಸುತ್ತುವುದನ್ನೇ ಕಸುಬು ಮಾಡಿಕೊಂಡ ಆಸಾಮಿಯೊಬ್ಬ ತಾನು ಕಂಡ ಅತ್ಯಂತ ಕೆಟ್ಟ ಜಾಗಗಳು ಎಂದು ಒಂದು ವಿಡಿಯೋ ಮಾಡಿದ. ಸೊಳ್ಳೆಗಳ ದ್ವೀಪ, ಬಾಗಿಲಿಲ್ಲದ ಪಾಯಿಖಾನೆಯ ಬಸ್ ನಿಲ್ದಾಣ, ಹಾವು ಬಿದ್ದ ಡೇರೆ, ಇವೆಲ್ಲ ಆದ ಮೇಲೆ ಕೊನೆಗೆ, ಎಲ್ಲಕ್ಕಿಂತ ಕೆಟ್ಟದ್ದೆಂದು ತೋರಿಸಿದ್ದು ಚಿಕ್ಕಮ್ಮನ ಮೂರನೇ ನಂಬರ್ ರೂಮನ್ನು. ಎರಡು ಬೆರಳಲ್ಲಿ ಬೆಡ್‌ಶೀಟಿನ ತುದಿ ಹಿಡಿದೆತ್ತಿ, ಸತ್ತ ಇಲಿ ಎತ್ತಿದವರ ಹಾಗೆ ಮುಖ ಮಾಡಿ, "ಇದನ್ನ ಒಗೆದು ಎಷ್ಟು ವರ್ಷ ಆಗಿದೆಯೋ" ಎಂದ. ಚಿಕ್ಕಮ್ಮನ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಮಾತಿಗೆ. ವಿಡಿಯೋ ನೋಡಿದವರೂ ಬಂದು ತಂಗಿದವರೂ ಆನ್‌ಲೈನಿನಲ್ಲಿ ಅದನ್ನೇ ಬರೆಯತೊಡಗಿದರು. ರೂಮು ಕಾದಿರಿಸುವ ಕಂಪನಿಯವರು ಫೋನು ಮಾಡಿ, ಹೀಗೇ ಆದರೆ ನಿಮ್ಮ ಲಾಡ್ಜನ್ನು ತೆಗೆದುಹಾಕುತ್ತೇವೆ ಎಂದರು. ಈಗ ಜನ ರೈಲಿನಲ್ಲಿ ಕೂತೇ ಫೋನಿನಲ್ಲಿ ರೂಮು ಹಿಡಿಯುತ್ತಾರೆ. ತೆಗೆದುಹಾಕಿದರೆ ಲಾಡ್ಜು ಮುಚ್ಚಿದ ಹಾಗೇ.

ಚಿಕ್ಕಮ್ಮ ಟೊಂಕ ಕಟ್ಟಿ ನಿಂತಳು. ದಿನಕ್ಕೊಮ್ಮೆ ಒಗೆಯುತ್ತಿದ್ದವಳು ಎರಡು ಸಲ ಒಗೆದಳು. ಬೆಡ್‌ಶೀಟುಗಳನ್ನು ಬೆಳಗಿನಿಂದ ಸಂಜೆಯವರೆಗೆ ಟೆರೇಸಿನ ಗಾಳಿಗೆ ಹಾಕಿದಳು. ರೂಮುಗಳ ಕಿಟಕಿ ಎಲ್ಲ ತೆಗೆದಿಟ್ಟಳು. ಅವಳು ಒಗೆದಷ್ಟೂ ಬಂದವರು ಇನ್ನೂ ಕೆಟ್ಟದಾಗಿ ಬರೆದರು.

ಇಷ್ಟೆಲ್ಲ ಆದ ಮೇಲೆ ನಾನು ಅಲ್ಲಿಗೆ ಹೋದದ್ದು. ಹುಟ್ಟಿ ಬೆಳೆದ ಊರೇ, ಆದರೆ ಮದುವೆಯಾದ ಮೇಲೆ ಹೋಗಿರಲಿಲ್ಲ. ಲಾಡ್ಜು ಬಿಟ್ಟು ಅವಳು ಬರುತ್ತಿರಲಿಲ್ಲ, ಕೆಲಸ ಬಿಟ್ಟು ನಾನು ಹೋಗುತ್ತಿರಲಿಲ್ಲ. ರೈಲಿಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಮೂಗು ಮುಚ್ಚಿಕೊಂಡೆ. ಕೊಳೆತ ಮೊಟ್ಟೆಯ ನಾತ. ಸ್ಟೇಷನ್ನಿನ ಹಿಂದೆ ಕಾಗದದ ಕಾರ್ಖಾನೆ ನಾನು ಹುಟ್ಟುವ ಮೊದಲಿನಿಂದಲೂ ಇದೆ. ಊರಿಗೆ ಊರೇ ಉಣ್ಣುವುದು ಅದರಿಂದ, ಚಿಕ್ಕಪ್ಪ ದುಡಿದದ್ದೂ ಅಲ್ಲೇ. ಇಷ್ಟು ವರ್ಷ ಇದರೊಳಗೇ ಆಡಿ ಬೆಳೆದೆನೇ ಎಂದು ನನಗೇ ನಂಬಿಕೆ ಬರಲಿಲ್ಲ. ತಲೆ ಎತ್ತಿದರೆ ಕಾರ್ಖಾನೆಯ ಚಿಮಣಿಯ ಹೊಗೆ ನೇರ ಚಿಕ್ಕಮ್ಮನ ಟೆರೇಸಿನ ಮೇಲೆ ಹಾದುಹೋಗುತ್ತಿತ್ತು. ಕೆಳಗೆ ಸಾಲಾಗಿ ಬಿಳೀ ಬೆಡ್‌ಶೀಟುಗಳು.

"ಚಿಕ್ಕಮ್ಮ, ಇದು ಕೊಳೆ ಅಲ್ಲ, ಕಾರ್ಖಾನೆ ವಾಸನೆ" ಎಂದೆ. "ನೀನು ಒಗೆದು ಒಗೆದು ಆ ಗಾಳಿಗೇ ಹಾಕ್ತಿದ್ದೀಯ."

"ಯಾವ ವಾಸನೆ?"

"ನಿಂಗೆ ಬರ್ತಾನೇ ಇಲ್ವಾ?"

ಅವಳು ಒಂದು ಬೆಡ್‌ಶೀಟನ್ನು ಮುಖಕ್ಕೆ ಒತ್ತಿಕೊಂಡು ದೀರ್ಘವಾಗಿ ಉಸಿರೆಳೆದಳು. "ಸೋಪಿನ ವಾಸನೆ ಬರ್ತಿದೆ" ಎಂದಳು. "ಹೊರಗಡೆ ಹೋಗಿ ನಿನ್ನ ಮೂಗು ನಾಜೂಕಾಗಿದೆ ಬಿಡು."

ಅಷ್ಟಕ್ಕೇ ಬಿಡದೆ ಎದುರಿನ ಟೀ ಅಂಗಡಿಯವನನ್ನೂ ಸ್ಟೇಷನ್ನಿನ ಕೂಲಿಯನ್ನೂ ಕರೆದು ಮೂಸಿಸಿದಳು. "ಮಲ್ಲಿಗೆ ಹೂ ಇದ್ದಂಗಿದೆ ಸೋಪಮ್ಮ" ಎಂದ ಟೀ ಅಂಗಡಿಯವನು. ಕೂಲಿ ಹೌದೆಂದು ತಲೆಯಾಡಿಸಿದ. ಇಬ್ಬರೂ ಸುಳ್ಳು ಹೇಳಲಿಲ್ಲ, ಅದೇ ನನಗೆ ತಲೆ ಚಚ್ಚಿಕೊಳ್ಳುವಂತೆ ಮಾಡಿದ್ದು. ಇಡೀ ಊರಿಗೆ ಒಂದೇ ಮೂಗು.

ನನಗೂ ಹಠ ಬಂತು. ಆರನೇ ನಂಬರ್ ರೂಮಿನ ಕಿಟಕಿ ಮುಚ್ಚಿ, ಸಂದುಗಳಿಗೆ ಬಟ್ಟೆ ತುರುಕಿ, ಒಳಗೇ ಹಗ್ಗ ಕಟ್ಟಿ ಫ್ಯಾನು ಹಾಕಿ ಬೆಡ್‌ಶೀಟು ಒಣಗಿಸಿದೆ. ಒಳಗೆ ಒಣಗಿಸುವುದು ಸೋಮಾರಿಗಳ ಲಕ್ಷಣ ಎಂದು ಚಿಕ್ಕಮ್ಮ ಗೊಣಗಿದಳು, ಆದರೂ ತಡೆಯಲಿಲ್ಲ. ಪೂರ್ತಿ ಒಣಗಲು ಎರಡು ದಿನ ಹಿಡಿಯಿತು. ಆಮೇಲೆ ಅದನ್ನೂ ಟೆರೇಸಿನದನ್ನೂ ತಂದು ಒಂದಾದ ಮೇಲೊಂದು ಮೂಸಿದೆ. ಎರಡರಲ್ಲೂ ಏನೂ ಇರಲಿಲ್ಲ. ಮತ್ತೆ ಮೂಸಿದೆ. ಸೋಪಿನ ವಾಸನೆ. ಕಿಟಕಿ ತೆಗೆದು ಹೊರಗೆ ತಲೆ ಹಾಕಿ ಉಸಿರೆಳೆದೆ, ಅಲ್ಲೂ ಬರೀ ಗಾಳಿ. ಎರಡೇ ದಿನದಲ್ಲಿ ನನ್ನ ಮೂಗೂ ಊರಿನ ಜೊತೆ ಸೇರಿಕೊಂಡಿತ್ತು. ಅಳು ಬರುವಷ್ಟು ಸಿಟ್ಟು ಬಂತು.

"ನಾನು ಹೇಳಿಲ್ವಾ?" ಎಂದಳು ಚಿಕ್ಕಮ್ಮ. ಗೆದ್ದವಳ ಹಾಗೆ ಹೇಳಲಿಲ್ಲ. ನಾನು ಸೋತದ್ದು ಅವಳಿಗೂ ಬೇಡವಾಗಿತ್ತು.

ಇನ್ನು ಉಳಿದದ್ದು ಒಂದೇ ದಾರಿ. ಆಗ ತಾನೇ ರೈಲಿಳಿದ ಯಾರನ್ನಾದರೂ ಕೇಳಬೇಕು. ಆ ಸಂಜೆ ಬಂದವರು ಒಬ್ಬರೇ, ಪರೀಕ್ಷೆಯ ಕೆಲಸಕ್ಕೆ ಹೊರಟಿದ್ದ ವಯಸ್ಸಾದ ಟೀಚರ್. ಚಿಕ್ಕಮ್ಮ ಅವರಿಗಾಗಿ ಮತ್ತೊಮ್ಮೆ ಸ್ನಾನ ಮಾಡಿ, ಬೇರೆ ಬಟ್ಟೆ ಉಟ್ಟು, ಎರಡು ಬೆಡ್‌ಶೀಟನ್ನೂ ಮಡಿಸಿಟ್ಟುಕೊಂಡು ಮೇಜಿನ ಹಿಂದೆ ಕಾದು ಕೂತಿದ್ದಳು. ವಿಷಯ ಹೇಳಿದಾಗ ಟೀಚರ್ ನಕ್ಕು ಒಪ್ಪಿಕೊಂಡರು. ಚಿಕ್ಕಮ್ಮ ಮೊದಲು ಟೆರೇಸಿನದನ್ನು ಹಿಡಿದಳು. ಅವರು ಮುಖ ಕಿವುಚಿದರು. ಆಮೇಲೆ ಒಳಗೆ ಒಣಗಿದ್ದನ್ನು ಹಿಡಿದಳು. ಅವರು ಬಗ್ಗಿ ಮೂಸಿದರು.

"ಎರಡೂ ಒಂದೇ ಅಲ್ವಾ ಅಮ್ಮ?"

"ಇದು ಹೊರಗಿನ ಗಾಳೀನೇ ಕಂಡಿಲ್ಲ ಟೀಚರ್. ಇನ್ನೊಂದು ಸಲ ನೋಡಿ" ಎಂದೆ ನಾನು.

ಅವರು ಮತ್ತೆ ಬಗ್ಗಿದರು. ಬಗ್ಗಿದವರು ಬೆಡ್‌ಶೀಟಿನಿಂದ ಚಿಕ್ಕಮ್ಮನ ಬೆರಳುಗಳ ಕಡೆಗೆ ಮುಖ ಸರಿಸಿ, ತಟ್ಟನೆ ನೆಟ್ಟಗಾದರು.

"ಬೇಜಾರು ಮಾಡ್ಕೋಬೇಡಿ" ಎಂದರು. "ಇದರಿಂದಲ್ಲ. ನಿಮ್ಮ ಕೈಯಿಂದ ಬರ್ತಿದೆ."

ನಾನು ದುಡುಕಿ, "ಕೊಡು, ನಾನು ಹಿಡೀತೀನಿ" ಎಂದು ಬೆಡ್‌ಶೀಟನ್ನು ಕಿತ್ತುಕೊಂಡು ಅವರ ಮುಂದೆ ಚಾಚಿದೆ. ಅವರು ನನ್ನ ಮುಖ ನೋಡಿದರು. ಈ ಸಲ ಬಗ್ಗಲೂ ಇಲ್ಲ. "ರೂಮಿನ ಕೀ ಕೊಡಿಮ್ಮ, ಸುಸ್ತಾಗಿದೆ" ಎಂದರು. ಪಾಪ, ಒಳ್ಳೆಯವರು.

ಚಿಕ್ಕಮ್ಮ ಕೀಯನ್ನು ಅವರ ಕೈಗೆ ಕೊಡಲಿಲ್ಲ. ಮೇಜಿನ ಮೇಲಿಟ್ಟು ಒಂದು ಬೆರಳಲ್ಲಿ ಮುಂದಕ್ಕೆ ತಳ್ಳಿದಳು. ಅವರು ಮಹಡಿ ಹತ್ತಿದ ಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆಯಲು ನಿಂತಳು. ನಾನು ಹೊರಗೆ ಕಾದೆ. ಬರುವಾಗ ಕೈ ಮೊಣಕೈವರೆಗೂ ಕೆಂಪಾಗಿತ್ತು. ಒದ್ದೆ ಅಂಗೈಗಳೆರಡನ್ನೂ ನನ್ನ ಮುಖದ ಹತ್ತಿರ ತಂದಳು.

"ಈಗ ನೋಡೇ. ಹೋಯ್ತಾ?"

ನಾನು ಅವಳ ಕೈ ಹಿಡಿದು ಮೂಗಿಗೆ ಒತ್ತಿಕೊಂಡೆ.

"ಹೋಯ್ತು ಚಿಕ್ಕಮ್ಮ" ಎಂದೆ. ಹೇಳಿದ್ದು ನಿಜವೋ ಸುಳ್ಳೋ ನನಗೆ ಗೊತ್ತಾಗುವಂತಿರಲಿಲ್ಲ.