ಕೊಡುವವರ ಕಾರಣ

ರೇವಣಸಿದ್ದಪ್ಪ ಹುಬ್ಬಳ್ಳಿಯ ಬಸ್ ಡಿಪೋದಲ್ಲಿ ಇಪ್ಪತ್ತೆರಡು ವರ್ಷ ಟಿಕೆಟ್ ತಪಾಸಣೆ ಮಾಡಿದವನು. ಗದಗ ರಸ್ತೆಯಲ್ಲಿ ಅಣ್ಣಿಗೇರಿಯ ಆಚೆ ಕೈ ಅಡ್ಡ ಹಿಡಿದು ಬಸ್ಸು ಹತ್ತಿದನೆಂದರೆ ಮೊದಲು ನೋಡುತ್ತಿದ್ದದ್ದು ಟಿಕೆಟ್ಟನ್ನಲ್ಲ, ಮುಖವನ್ನು. ಕಿಟಕಿಯಾಚೆ ದಿಟ್ಟಿಸುವವರು, ಇದ್ದಕ್ಕಿದ್ದಂತೆ ನಿದ್ದೆಗೆ ಜಾರಿದವರು, ಕೇಳುವ ಮೊದಲೇ ನಕ್ಕು ನಮಸ್ಕಾರ ಹೇಳುವವರು. ಈ ಕೊನೆಯವರ ಮೇಲೆ ಅವನಿಗೆ ಗುಮಾನಿ ಹೆಚ್ಚು. ಕೆಲಸ ಬಿಟ್ಟರೂ ಆ ಕಣ್ಣು ಅವನನ್ನು ಬಿಡಲಿಲ್ಲ. ಮಗಳು ಜ್ಯೋತ್ಸ್ನಾ ಕರೆಸಿಕೊಂಡ ಮೇಲೆ ಗಂಡಹೆಂಡತಿ ಕೆನಡಾದ ಮಿಲ್ಟನ್‌ಗೆ ಬಂದ ಹೊಸದರಲ್ಲಿ ಪಕ್ಕದ ಮನೆಯವರು ಪ್ರೀತಿಯಿಂದ ತಂದುಕೊಟ್ಟ ಕೇಕನ್ನು ಅವನು ಎರಡು ದಿನ ಮುಟ್ಟಲಿಲ್ಲ. ಹತ್ತಿರದ ವಾನ್ ಎಂಬ ಊರಿನ ಗೋದಾಮಿನಲ್ಲಿ ಸಿಕ್ಕ ಕೆಲಸವೂ ಅಂಥದೇ. ಒಳಬರುವ ಟ್ರೇಲರ್‌ಗಳ ಬಾಗಿಲಿಗೆ ಹಾಕಿದ ಸೀಲಿನ ನಂಬರು ಕಾಗದದ ನಂಬರಿಗೆ ತಾಳೆಯಾಗುತ್ತದೋ ಇಲ್ಲವೋ ನೋಡುವುದು. ಹತ್ತು ವರ್ಷದಲ್ಲಿ ಒಂದು ಸುಳ್ಳು ಸೀಲೂ ಅವನನ್ನು ದಾಟಿ ಒಳಗೆ ಹೋಗಿಲ್ಲವೆಂದು ಅಲ್ಲಿ ಹೆಸರಾಗಿದ್ದ.

ಹೆಂಡತಿ ಶಾರದವ್ವನ ಎರಡೂ ಕಿಡ್ನಿ ಕೈಕೊಟ್ಟದ್ದು 2015ರಲ್ಲಿ. ವಾರಕ್ಕೆ ಮೂರು ದಿನ, ಸಲಕ್ಕೆ ನಾಲ್ಕು ತಾಸು, ಡಯಾಲಿಸಿಸ್ ಕುರ್ಚಿಯಲ್ಲಿ ಕೂರಬೇಕು, ಹಣ್ಣುಹಂಪಲಿಗೂ ಪಥ್ಯ. ಜ್ಯೋತ್ಸ್ನಾಳ ರಕ್ತ ಹೊಂದಲಿಲ್ಲ. ರೇವಣಸಿದ್ದಪ್ಪನಿಗೆ ತನ್ನದೇ ಸಕ್ಕರೆ ಕಾಯಿಲೆ. ತೀರಿಹೋದವರು ಬಿಟ್ಟುಹೋಗುವ ಕಿಡ್ನಿಗಾಗಿ ಆಸ್ಪತ್ರೆಯಲ್ಲಿ ಹೆಸರು ಬರೆಸಿದರು. ಐದಾರು ವರ್ಷ ಕಾಯಬೇಕಾದೀತು ಎಂದು ಡಾಕ್ಟರು ಮೊದಲೇ ಹೇಳಿಬಿಟ್ಟರು.

ಮರುವರ್ಷ ನವೆಂಬರಿನಲ್ಲಿ, ಕನ್ನಡದವರ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ, ಶಾರದವ್ವನ ಪಕ್ಕ ಅರುಂಧತಿ ಎಂಬ ಹೆಂಗಸು ಕೂತಿದ್ದಳು. ಐವತ್ತರ ಆಸುಪಾಸಿನವಳು, ಒಂಟಿ ಹೆಣ್ಣು. ಸರೋವರದ ದಂಡೆಯ ಪೋರ್ಟ್ ಕ್ರೆಡಿಟ್‌ನಲ್ಲಿ ಸಣ್ಣದೊಂದು ಅಪಾರ್ಟ್‌ಮೆಂಟು. ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ. ಊರು ಗದಗಿನ ಮಗ್ಗುಲಿಗಿರುವ ಬೆಟಗೇರಿ, ಅಲ್ಲಿಯ ಹಳೆಯ ಮಿಶನ್ ಚರ್ಚಿನ ಮನೆತನ. ಮೊದಲು ಎರಡು ಮೂರು ಸಲ ಭೇಟಿಯಾದ ಪರಿಚಯವಷ್ಟೇ. ಡಯಾಲಿಸಿಸ್ ಸೂಜಿ ಚುಚ್ಚಿ ಉಬ್ಬಿದ ಶಾರದವ್ವನ ತೋಳಿನ ನರ ನೋಡಿ ಅವಳು ಎಲ್ಲ ಕೇಳಿ ತಿಳಿದುಕೊಂಡಳು. ಎರಡು ವಾರ ಬಿಟ್ಟು ಮನೆಗೆ ಬಂದು, ಚಹಾ ಕುಡಿದು, ಲೋಟ ಕೆಳಗಿಟ್ಟು, ಹೊಲಿಗೆಯ ಸೂಜಿ ಕೊಡುತ್ತೇನೆ ಅನ್ನುವಷ್ಟು ಸಲೀಸಾಗಿ ಹೇಳಿದಳು.

“ಅಕ್ಕಾ, ನಂದೂ ನಿಮ್ಮದ ಗ್ರೂಪ್ ಐತ್ರಿ. ಡಾಕ್ಟ್ರು ಹೂಂ ಅಂದ್ರ ಒಂದು ಕಿಡ್ನಿ ನಾ ಕೊಡ್ತೀನಿ.”

ಶಾರದವ್ವ ಅವಳ ಕೈ ಹಿಡಿದುಕೊಂಡು ಅತ್ತಳು. ರೇವಣಸಿದ್ದಪ್ಪ ಅವಳ ಮುಖ ನೋಡಿದ. ಅವಳು ನಗುತ್ತಿದ್ದಳು.

ಅಂದಿನಿಂದ ಅವನಿಗೆ ನೆಮ್ಮದಿ ಇಲ್ಲದಂತಾಯಿತು. ಕಿಡ್ನಿ ಮಾರುವುದು ಇಲ್ಲಿ ಅಪರಾಧ, ಅದು ಅವನಿಗೆ ಗೊತ್ತಿತ್ತು. ಆದರೂ ಆಪರೇಷನ್ ಮುಗಿದ ಮೇಲೆ ಏನಾದರೂ ಕೇಳಿದರೆ? ಊರಿನಿಂದ ಯಾರನ್ನೋ ಕರೆಸಿಕೊಳ್ಳಲು ಕಾಗದಕ್ಕೆ ಸಹಿ ಹಾಕು ಅಂದರೆ? ಶಾರದವ್ವನ ಕೊರಳಿನ ಲಿಂಗ ತೆಗೆಸಿ ಚರ್ಚಿಗೆ ಕರೆದೊಯ್ದರೆ? ಅರುಂಧತಿ ಮನೆಗೆ ಬಂದಾಗಲೆಲ್ಲ ಅವನು ಬಾಗಿಲ ಮರೆಯಲ್ಲಿ ನಿಂತು ಕಿವಿಗೊಟ್ಟ. ಯೇಸುವಿನ ಹೆಸರು ಒಂದು ಸಲವೂ ಬರಲಿಲ್ಲ. ಗದಗಿನ ಬದನೆಕಾಯಿ, ಮಂಡಿ ನೋವು, ಸಾಬೂನಿನ ರೇಟು, ಬರೀ ಇಂಥವೇ ಮಾತು. ಇದರಿಂದ ಅವನ ಅನುಮಾನ ಇಳಿಯುವ ಬದಲು ಏರಿತು. ಏನೂ ಬೇಡದವರು ಏನೋ ದೊಡ್ಡದನ್ನೇ ಬೇಡಲಿದ್ದಾರೆ ಎಂದುಕೊಂಡ. ಹೆಂಡತಿಯೆದುರು ಒಮ್ಮೆ ಬಾಯಿಬಿಟ್ಟಾಗ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಮಠದಾಗ ದಾಸೋಹಕ್ಕ ಕುಂತಾಗ, ನನಗ ಯಾಕ ನೀಡ್ತೀರಿ ಅಂತ ಸ್ವಾಮಿಗೋಳನ್ನ ಎಂದರ ಕೇಳೀರೇನು?”

ಅಷ್ಟಕ್ಕೇ ಬಿಟ್ಟುಬಿಡುವ ಜಾಯಮಾನ ಅವನದಲ್ಲ.

ಅರುಂಧತಿ ಶನಿವಾರ ಬೆಳಿಗ್ಗೆ ತನ್ನ ಚರ್ಚಿನ ಬೇಸ್‌ಮೆಂಟಿನಲ್ಲಿ ಒಂದು ಪಾಠಕ್ಕೆ ಹೋಗುತ್ತಾಳೆಂದು ತಿಳಿದಿತ್ತು. ಜನವರಿಯ ಒಂದು ಶನಿವಾರ ಅವನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತ. ಹತ್ತು ಹನ್ನೆರಡು ಜನ, ಹೆಚ್ಚಿನವರು ಬಿಳಿಯರು. ಪಾಠ ಹೇಳುವವರು ಧಾರವಾಡದ ಸತ್ಯಪ್ರಕಾಶ್, ಐವತ್ತು ವರ್ಷದ ಹಿಂದೆ ಬಂದು ಇಲ್ಲಿ ಕಾಲೇಜಿನಲ್ಲಿ ಕ್ರೈಸ್ತ ಧರ್ಮದ ಆರಂಭದ ಚರಿತ್ರೆ ಕಲಿಸಿ ನಿವೃತ್ತರಾದವರು. ಇಲ್ಲಿ ಬಲೆ ಬೀಸುತ್ತಾರೆ, ತಾನು ಅದನ್ನು ಕಣ್ಣಾರೆ ಕಂಡು ಹೋಗಬೇಕು ಎಂದು ಬಂದಿದ್ದ ರೇವಣಸಿದ್ದಪ್ಪನಿಗೆ ಅಂದು ಸಿಕ್ಕಿದ್ದು ಒಂದು ಹಳೇ ಜಗಳದ ಕಥೆ.

ಯೇಸು ತೀರಿ ನೂರು ವರ್ಷ ಕಳೆದ ಮೇಲಿನ ಮಾತು. ಕಪ್ಪು ಸಮುದ್ರದ ದಂಡೆಯ ಹಡಗಿನ ಸಾಹುಕಾರನೊಬ್ಬ ರೋಮಿಗೆ ಬಂದ. ಯೆಹೂದಿಗಳ ಹಳೆಯ ಗ್ರಂಥದ ದೇವರನ್ನೂ ಯೇಸು ಹೇಳಿದ ತಂದೆಯನ್ನೂ ಪಕ್ಕಪಕ್ಕ ಇಟ್ಟು ನೋಡಿದ. ಒಬ್ಬ ತಪ್ಪನ್ನು ಎಣಿಸಿ ದಂಡ ಹಾಕುವವನು, ಇನ್ನೊಬ್ಬ ಕೇಳದೆ ಕೊಡುವವನು. ಇಬ್ಬರೂ ಒಬ್ಬನೇ ಆಗಿರುವುದು ಸಾಧ್ಯವಿಲ್ಲ, ದೇವರು ಇಬ್ಬರು, ಒಬ್ಬ ನ್ಯಾಯವಂತ, ಒಬ್ಬ ಒಳ್ಳೆಯವ ಎಂದ. ಅಲ್ಲಿಯ ಕ್ರೈಸ್ತ ಸಭೆಯ ಹಿರಿಯರು ಒಪ್ಪಲಿಲ್ಲ. ಅವನು ಸಭೆಗೆ ಕೊಟ್ಟಿದ್ದ ದೊಡ್ಡ ಕಾಣಿಕೆಯನ್ನು ಅವನಿಗೇ ಮರಳಿಸಿ ಹೊರಗೆ ಹಾಕಿದರು. ಕೆಟ್ಟದ್ದನ್ನು ಕಂಡೂ ಕಾಣದಂತಿರುವುದು ಒಳ್ಳೆಯತನವಲ್ಲ, ಒಳ್ಳೆಯತನ ಇಲ್ಲದ್ದು ನ್ಯಾಯವೂ ಅಲ್ಲ, ಎರಡೂ ಒಬ್ಬನಲ್ಲೇ ಇವೆ ಎಂಬುದು ಅವರ ವಾದ. ಆಮೇಲಿನವರು ಇನ್ನೂ ಮುಂದೆ ಹೋದರು. ದೇವರಿಗೆ ಈ ಲೋಕದಿಂದ ಆಗಬೇಕಾದದ್ದು ಏನೂ ಇರಲಿಲ್ಲ, ಆದರೂ ಇದನ್ನು ಸೃಷ್ಟಿ ಮಾಡಿದ, ಏಕೆಂದರೆ ಒಳ್ಳೆಯವನಿಗೆ ಇನ್ನೊಬ್ಬರು ಇರುವುದನ್ನು ಕಂಡು ಹೊಟ್ಟೆಕಿಚ್ಚು ಆಗುವುದಿಲ್ಲ, ಅಷ್ಟೇ ಕಾರಣ ಎಂದರು.

ರೇವಣಸಿದ್ದಪ್ಪನಿಗೆ ಹಡಗಿನ ಸಾಹುಕಾರನ ಮಾತೇ ಸರಿ ಕಂಡಿತು. ತಪಾಸಣೆ ಮಾಡುವವನೇ ಬೇರೆ, ಪುಕ್ಕಟೆ ಹತ್ತಿಸಿಕೊಳ್ಳುವವನೇ ಬೇರೆ. ಎರಡನ್ನೂ ಒಬ್ಬನೇ ಮಾಡಿದರೆ ಅವನು ಕಂಡಕ್ಟರನೊಂದಿಗೆ ಶಾಮೀಲಾದವನು. ಪಾಠ ಮುಗಿದು ಕಾಫಿ ಹಂಚುವಾಗ ಸತ್ಯಪ್ರಕಾಶರ ಹತ್ತಿರ ಹೋಗಿ ಕನ್ನಡದಲ್ಲಿ ಕೇಳಿದ.

“ಸರ್, ಒಂದು ತಿಳೀಲಿಲ್ರಿ. ಕೊಟ್ಟಾವಗ ಸಿಕ್ಕಿದ್ದರ ಏನು?”

“ಏನೂ ಇಲ್ಲ. ಅಲ್ಲೇ ಎಲ್ಲಾರ್ಗೂ ತೊಡಕಾಗಿದ್ದು,” ಎಂದರು ಸತ್ಯಪ್ರಕಾಶ್. “ಆ ಕಾಲದಾಗೂ ಭಾಳ ಮಂದಿ ನಂಬಲಿಲ್ಲ. ದೇವರು ಮೊದಲನೇ ಗಂಡಹೆಣ್ಣಿಗೆ ತೋಟದೊಳಗಿನ ಒಂದು ಗಿಡದ ಹಣ್ಣು ತಿನ್ನಬ್ಯಾಡ್ರಿ ಅಂದದ್ದು ಹೊಟ್ಟೆಕಿಚ್ಚಿಗೇ ಅಂತ ಅಂದ್ರು. ಆ ಮಾತು ಮೊದಲು ಆಡಿದ್ದು ಯಾರು ಗೊತ್ತೇನು? ಹಾವು. ದೇವರ ಮ್ಯಾಲೆ ಮೊದಲ ಗುಮಾನಿ ಅದರದ.”

ಅವರು ತಮಾಷೆಗೆ ಹೇಳಿದ್ದು. ತನ್ನನ್ನು ಗುರುತು ಹಿಡಿದೇ ಹೇಳಿದರು ಎಂದು ರೇವಣಸಿದ್ದಪ್ಪನಿಗೆ ಅನಿಸಿತು. ಕಾಫಿ ಅರ್ಧಕ್ಕೆ ಬಿಟ್ಟು ಹೊರಬಂದ.

ಮನೆಗೆ ಬಂದವನೇ ಗದಗಿನಲ್ಲಿದ್ದ ಶೇಖಪ್ಪನಿಗೆ ಫೋನು ಹಚ್ಚಿದ. ಶೇಖಪ್ಪ ಹಳೆಯ ಕಂಡಕ್ಟರು, ಯಾರ ಮನೆಯ ಸುದ್ದಿ ಬೇಕಾದರೂ ತೆಗೆಯಬಲ್ಲವನು. ನಾಲ್ಕು ದಿನದಲ್ಲಿ ವರದಿ ಬಂತು. ಅರುಂಧತಿಗೆ ಒಬ್ಬ ಅಣ್ಣನಿದ್ದ. ಅವನದೂ ಕಿಡ್ನಿ ಹೋಗಿ ಹುಬ್ಬಳ್ಳಿಯಲ್ಲಿ ಡಯಾಲಿಸಿಸ್ ನಡೆದಿತ್ತು. ತಂಗಿಯ ಕಿಡ್ನಿ ಹೊಂದುತ್ತದೆಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಕೆನಡಾದಿಂದ ಬರುತ್ತೇನೆ, ಬರುತ್ತೇನೆ ಎಂದು ಅವಳು ಎಂಟು ತಿಂಗಳು ಕಳೆದಳು. ಬಂದದ್ದು ಮಣ್ಣಿಗೆ.

ರೇವಣಸಿದ್ದಪ್ಪನಿಗೆ ಒಮ್ಮೆಗೇ ಉಸಿರು ಹಗುರಾಯಿತು. ಬಹಳ ದಿನಗಳ ಮೇಲೆ ಟಿಕೆಟ್ಟಿಲ್ಲದೆ ಕೈಗೆ ಸಿಕ್ಕಿಬಿದ್ದವರ ಮುಂದೆ ನಿಂತ ಹಾಗೆ. ಆದರೆ ಆ ಹಗುರ ಎರಡು ದಿನ ಬಾಳಲಿಲ್ಲ. ಅಣ್ಣನಿಗೇ ಕೊಡದವಳು ತನ್ನ ಹೆಂಡತಿಗೆ ಕೊಟ್ಟಾಳೆಯೇ? ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರೆ ಶಾರದವ್ವನ ಗತಿ ಏನು? ಅಷ್ಟರಲ್ಲಿ ಅರುಂಧತಿಯ ಪರೀಕ್ಷೆಗಳೆಲ್ಲ ಮುಗಿದು ಏಪ್ರಿಲ್ ಹನ್ನೊಂದಕ್ಕೆ ಆಪರೇಷನ್ ನಿಗದಿಯಾಗಿತ್ತು. ಮಾರ್ಚ್ ಕೊನೆಯಲ್ಲಿ, ಗೋದಾಮಿನ ಪಾರ್ಕಿಂಗಿನಲ್ಲಿ ಕಾರಿನಲ್ಲಿ ಕೂತು, ಕಿಡ್ನಿ ಕೊಡುವವರ ಏರ್ಪಾಡು ನೋಡಿಕೊಳ್ಳುವ ಆಸ್ಪತ್ರೆಯ ಕೋಆರ್ಡಿನೇಟರ್‌ಗೆ ಅವನು ಫೋನು ಮಾಡಿದ. ಕೊಡುವಾಕೆ ನಿಮ್ಮೆದುರು ಏನನ್ನೋ ಮುಚ್ಚಿಟ್ಟಿದ್ದಾಳೆ, ಅವಳ ಕಾರಣ ನೀವು ತಿಳಿದಂಥದಲ್ಲ ಎಂದು ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳಿದ. ಆ ಕಡೆಯ ಹೆಂಗಸು ತಾಳ್ಮೆಯಿಂದ ಕೇಳಿಸಿಕೊಂಡು, ಎರಡು ಸಲ ಹೆಸರಿನ ಕಾಗುಣಿತ ಕೇಳಿ, ಥ್ಯಾಂಕ್ಸ್ ಹೇಳಿದಳು.

ಮೂರನೆಯ ದಿನ ತಾರೀಕು ರದ್ದಾಯಿತು. ಕೊಡುವವರ ತಪಾಸಣೆ ಮತ್ತೆ ಮೊದಲಿನಿಂದ ಆಗಬೇಕು, ಎಷ್ಟು ತಿಂಗಳು ಹಿಡಿಯುತ್ತದೋ ಹೇಳಲಾಗದು ಎಂದರು. ಶಾರದವ್ವ ಫೋನಿಟ್ಟು ಸೋಫಾದ ಮೇಲೆ ಕೂತಳು, ಮೂರು ತಾಸು ಏಳಲಿಲ್ಲ. ಅವಳನ್ನು ನೋಡಲಾರದೆ ಅವನೇ ಬಾಯಿಬಿಟ್ಟು ಎಲ್ಲ ಹೇಳಿದ. ಬೈಯುತ್ತಾಳೆಂದುಕೊಂಡಿದ್ದ. ಅವಳು ಕೇಳಿದ್ದು ಒಂದೇ ಮಾತು.

“ಇದನ್ನ ನನ್ನ ಸಲುವಾಗಿ ಮಾಡಿದ್ರೋ, ನಿಮ್ಮ ಸಲುವಾಗಿ ಮಾಡಿದ್ರೋ?”

ಆಮೇಲೆ ಹದಿನೇಳು ದಿನ ಅವನ ಜೊತೆ ಮಾತಾಡಲಿಲ್ಲ. ತಾಟು ಮಾತ್ರ ಹೊತ್ತಿಗೆ ಸರಿಯಾಗಿ ಮುಂದೆ ಬರುತ್ತಿತ್ತು.

ಅರುಂಧತಿಯೇ ಅವನನ್ನು ಪೋರ್ಟ್ ಕ್ರೆಡಿಟ್‌ಗೆ ಕರೆದಳು. ಬಂದರಿನಲ್ಲಿ ದೋಣಿಗಳು ಚಳಿಗಾಲದ ಬಿಳಿ ಪ್ಲಾಸ್ಟಿಕ್ ಹೊದ್ದು ಇನ್ನೂ ದಡದ ಮೇಲೇ ಇದ್ದವು. ಇಬ್ಬರೂ ಸರೋವರದ ಕಡೆ ಮುಖ ಮಾಡಿ ಬೆಂಚಿನ ಮೇಲೆ ಕೂತರು. ಯಾರು ಫೋನು ಮಾಡಿದ್ದೆಂದು ಆಸ್ಪತ್ರೆಯವರು ಅವಳಿಗೆ ಹೇಳಿರಲಿಲ್ಲ, ಹೇಳುವಂತೆಯೂ ಇಲ್ಲ. ಆದರೂ ಅವಳು ಊಹಿಸಿಬಿಟ್ಟಿದ್ದಳು. ಅವನು ಅಲ್ಲಗಳೆಯಲಿಲ್ಲ. ಬದಲಿಗೆ ಅಣ್ಣನ ವಿಷಯ ಎತ್ತಿದ.

“ಹೌದ್ರಿ ಅಣ್ಣಾರ. ಅಂಜಿದ್ದೆ,” ಎಂದಳು ಅರುಂಧತಿ. “ರಜಾ ಸಿಗಲಿಲ್ಲ ಅಂತ ಅಂವಗ ಸುಳ್ಳು ಹೇಳಿದೆ. ಇದನ್ನ ಆಸ್ಪತ್ರಿಯವ್ರಿಗೆ ಮೊದಲನೇ ದಿನಾನ ಹೇಳೀನಿ. ನೀವು ಕೇಳಿದ್ರ ನಿಮಗೂ ಹೇಳ್ತಿದ್ದೆ.”

“ಹಂಗಾರ ನೀವು ಕೊಡಾಕ ಹೊಂಟಿದ್ದು ನಮ್ಮಾಕಿಗಲ್ಲ. ನಿಮ್ಮ ಅಣ್ಣಗ.”

ಅವಳಿಗೆ ಸಿಟ್ಟು ಬಂದಂತೆ ಕಾಣಲಿಲ್ಲ.

“ಇರಬೇಕು. ನಾ ದೇವರಲ್ರಿ ಅಣ್ಣಾರ. ಕಾರಣ ಇಲ್ಲದ ಕೊಡೋದು ಅವಂಗಷ್ಟ ಆಗ್ತದ. ನನಗ ಒಂದು ಕಾರಣ ಬೇಕಾತು. ಅಕ್ಕನ ಮೈಗೆ ಕಿಡ್ನಿ ಬೇಕಾಗೇದ, ಕಾರಣ ಬೇಕಾಗಿಲ್ಲ.”

ಅವನಿಗೆ ತಪ್ಪಾಯಿತು ಅನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಹಾಗೆ ಅಂದುಬಿಟ್ಟರೆ ಅವಳಿಗೆ ಋಣಿಯಾಗುತ್ತೇನೆ ಅನ್ನಿಸಿ, ಗಾಳಿ ಜೋರಾಯಿತು ಎಂದು ಎದ್ದ.

ಎರಡನೆಯ ಸುತ್ತಿನ ಪರೀಕ್ಷೆ ಬೇಸಿಗೆಯೆಲ್ಲ ನಡೆಯಿತು. ಆಗಸ್ಟಿನಲ್ಲಿ ಅರುಂಧತಿ ಮಿಲ್ಟನ್ ಮನೆಗೆ ಬಂದು ಅಡುಗೆಮನೆಯಲ್ಲಿ ನಿಂತೇ ಹೇಳಿದಳು. ಮೊದಲ ಸುತ್ತಿನಲ್ಲಿ ಕಾಣದ ಸಕ್ಕರೆ ಈಗ ರಕ್ತದಲ್ಲಿ ತಲೆಯೆತ್ತಿದೆ. ಅವಳ ಕಿಡ್ನಿಯನ್ನು ತೆಗೆಯುವ ಹಾಗಿಲ್ಲ. ಏಪ್ರಿಲ್‌ನಲ್ಲೇ ತೆಗೆದಿದ್ದರೆ ಮುಂದೊಂದು ದಿನ ಅವಳೂ ಶಾರದವ್ವನ ಪಕ್ಕದ ಕುರ್ಚಿಗೆ ಬರಬೇಕಾಗುತ್ತಿತ್ತೇನೋ ಎಂದು ಡಾಕ್ಟರು ಹೇಳಿದರಂತೆ. ಹೇಳುತ್ತ ಅವಳು ಅತ್ತಳು. ಈ ಸಲ ಶಾರದವ್ವ ಅವಳನ್ನು ಹಿಡಿದುಕೊಂಡಳು.

ರೇವಣಸಿದ್ದಪ್ಪ ಬಾಗಿಲಲ್ಲಿ ನಿಂತಿದ್ದ. ತನ್ನ ಫೋನಿನಿಂದಲೇ ಈ ಹೆಂಗಸು ಉಳಿದಳು ಎಂಬ ಮಾತು ತಲೆಯಲ್ಲಿ ಹಾದುಹೋಯಿತು. ಯಾರಾದರೂ ಅದನ್ನು ಹೇಳಲಿ ಎಂದು ಕಾದ. ಯಾರೂ ಹೇಳಲಿಲ್ಲ. ತಾನೇ ಹೇಳಿಕೊಳ್ಳುವ ಹಾಗಿರಲಿಲ್ಲ. ಒಳ್ಳೆಯದೇನೋ ಆಗಿತ್ತು, ನಿಜ. ಆದರೆ ಆ ದಿನ ಪಾರ್ಕಿಂಗಿನಲ್ಲಿ ಫೋನು ಹಿಡಿದವನ ಮನಸ್ಸಿನಲ್ಲಿ ಈಕೆಯ ಒಳ್ಳೆಯದು ಎಳ್ಳಷ್ಟೂ ಇರಲಿಲ್ಲವೆಂಬುದು ಅವನೊಬ್ಬನಿಗೆ ಗೊತ್ತಿತ್ತು.

ಅರುಂಧತಿ ಬರುವುದು ನಿಲ್ಲಿಸಲಿಲ್ಲ. ಕೊಡುವುದಕ್ಕೆ ಏನೂ ಉಳಿದಿಲ್ಲ, ಇನ್ನೇಕೆ ಬರುತ್ತಾಳೆ ಎಂದು ಅವನು ಮತ್ತೆ ಕೆಲವು ತಿಂಗಳು ಕಾವಲು ಕಾದ. ಗುರುವಾರ ಅವನಿಗೆ ಶಿಫ್ಟು ಇರುವಾಗ ಶಾರದವ್ವನನ್ನು ಡಯಾಲಿಸಿಸ್‌ಗೆ ಅವಳೇ ಕರೆದೊಯ್ಯತೊಡಗಿದಳು. ಪೆಟ್ರೋಲಿನ ದುಡ್ಡು ಕೊಡಹೋದರೆ ಒಂದು ಸಲ ತೆಗೆದುಕೊಂಡಳು, ಒಂದು ಸಲ ಬೇಡವೆಂದಳು. ಇದರ ಲೆಕ್ಕ ಅವನಿಗೆ ಕೊನೆಗೂ ಹತ್ತಲಿಲ್ಲ.

2018ರ ನವೆಂಬರಿನ ಒಂದು ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯಿಂದ ಕರೆ ಬಂತು. ಯಾರೋ ತೀರಿಕೊಂಡಿದ್ದರು. ಕಿಡ್ನಿ ಹೊಂದುತ್ತಿತ್ತು. ಹಾಗೇ ಹೊರಟು ಬನ್ನಿ ಎಂದರು. ಆಪರೇಷನ್ ಸಲೀಸಾಗಿ ಆಯಿತು, ಹನ್ನೆರಡನೆಯ ದಿನ ಶಾರದವ್ವ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದಳು.

ಯಾರದು ಎಂದು ರೇವಣಸಿದ್ದಪ್ಪ ಕೇಳಿದ. ಹೇಳುವಂತಿಲ್ಲ ಎಂದರು. ಗಂಡೋ ಹೆಣ್ಣೋ? ವಯಸ್ಸೆಷ್ಟು? ಯಾವ ಊರು? ಇಲ್ಲಿ ಅದು ಕಾನೂನು, ಯಾವುದನ್ನೂ ಹೇಳುವುದಿಲ್ಲ. ಅವನು ಆ ವಾರದ ಪೇಪರುಗಳನ್ನೆಲ್ಲ ತಂದು, ರಸ್ತೆ ಅಪಘಾತದ ಸುದ್ದಿಗಳನ್ನು ಕನ್ನಡಕ ಏರಿಸಿ ಓದಿದ. ಓಕ್‌ವಿಲ್ ಹತ್ತಿರ ಒಬ್ಬ ಮುದುಕ, ಹ್ಯಾಮಿಲ್ಟನ್ ದಾರಿಯಲ್ಲಿ ತಾಯಿ ಮತ್ತು ಅವಳ ಹದಿನಾರರ ಮಗಳು. ಮಗಳ ಫೋಟೋ ಇತ್ತು. ಅದನ್ನು ಬಹಳ ಹೊತ್ತು ನೋಡಿದ. ಆಮೇಲೆ ಪೇಪರು ಮಡಚಿ ಮರುಬಳಕೆಯ ನೀಲಿ ಡಬ್ಬಿಗೆ ಹಾಕಿದ. ಮತ್ತೆ ಹುಡುಕಲಿಲ್ಲ.

ಹೆಸರು ಊರು ಬರೆಯದೆ ಕಾಗದವೊಂದನ್ನು ಮಾತ್ರ ಆಸ್ಪತ್ರೆಯ ಮೂಲಕ ಆ ಮನೆಯವರಿಗೆ ಕಳಿಸಬಹುದು, ಅವರು ಓದಿದರೂ ಓದಬಹುದು, ಬಿಟ್ಟರೂ ಬಿಡಬಹುದು ಎಂದಿದ್ದರು. ಮಾರ್ಚಿನಲ್ಲಿ ಅವನು ಕನ್ನಡದಲ್ಲಿ ಬರೆಯಲು ಕೂತ. ಇಂಗ್ಲಿಷಿಗೆ ತಿರುಗಿಸುವುದು ಜ್ಯೋತ್ಸ್ನಾಳ ಪಾಲಿನ ಕೆಲಸ. ಮೊದಲ ಸಲ ‘ನೀವು ಯಾಕೆ ಕೊಟ್ಟಿರೋ ನಮಗೆ ತಿಳಿಯದು’ ಎಂದು ಶುರುಮಾಡಿ ಹರಿದು ಹಾಕಿದ. ಎರಡನೆಯದೂ ಹಾಗೇ ಆಯಿತು. ಮೂರು ರವಿವಾರ ಹೋದವು. ಕೊನೆಗೆ ಜ್ಯೋತ್ಸ್ನಾ ಟೈಪು ಮಾಡಿದ ಕಾಗದದಲ್ಲಿ ಆರೇ ಸಾಲು ಇದ್ದವು. ನನ್ನ ಹೆಂಡತಿಗೆ ಅರವತ್ತು ವರ್ಷ. ಮೂರು ವರ್ಷ ಅವಳಿಗೆ ಬಾಳೆಹಣ್ಣು ತಿನ್ನಲು ಬಿಟ್ಟಿರಲಿಲ್ಲ. ಮೊನ್ನೆ ಡಾಕ್ಟರು ತಿನ್ನಬಹುದೆಂದರು. ಒಂದನ್ನು ನಿಧಾನವಾಗಿ ಪೂರ್ತಿ ತಿಂದಳು. ನಾನು ಎದುರಿಗೆ ಕೂತು ನೋಡಿದೆ. ನಿಮಗೆ ಇದನ್ನು ತಿಳಿಸಬೇಕು ಅನ್ನಿಸಿತು.